ಓದುಗರ ಪ್ರಶ್ನೆ: ಬೈಕಿನಲ್ಲಿ ಹೋಗಿ ಹಿಮನದಿಯ ಮೇಲೆ ನಡೆಯುವವರಿಗೆ

ದೂರದ ಕಚ್ಚಾ ರಸ್ತೆಯಲ್ಲಿ ಬೈಕ್ ಓಡಿಸಿಕೊಂಡು ಹೋಗಿ ಗ್ಲೇಸಿಯರ್ ಮೇಲೆ ಒಂದಿಷ್ಟು ನಡೆದು ಬರಬೇಕೆನ್ನುವವರ ಪತ್ರಗಳೇ ಈ ಸಲ ಹೆಚ್ಚು. ಗಾಡಿಯ ಕೆಲಸ ಬಲ್ಲವರೂ ಹಿಮದ ಮೇಲೆ ಜನರನ್ನು ಕರೆದೊಯ್ಯುವವರೂ ಸೇರಿ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಹೆಲಿಕಾಪ್ಟರ್ ಇಲ್ಲದೆ, ಬೈಕ್ ನಿಲ್ಲಿಸಿ ಕಾಲ್ನಡಿಗೆಯಲ್ಲೇ ತಲುಪಬಹುದಾದ ಹಿಮನದಿ ಯಾವುದಿದೆ? ದಾರಿಯೂ ದುರ್ಗಮವಾಗಿರಬೇಕು.

ಅಲಾಸ್ಕಾದ ರೂಟ್ ಗ್ಲೇಸಿಯರ್ ನೋಡಿ. ಚಿಟಿನಾ ಎಂಬ ಪುಟ್ಟ ಊರಿನವರೆಗೆ ಟಾರು ರಸ್ತೆ. ಅಲ್ಲಿಂದ ಮೆಕಾರ್ಥಿಯವರೆಗೆ ಸುಮಾರು 96 ಕಿ.ಮೀ. ಜಲ್ಲಿ ರಸ್ತೆ. ಕೆನ್ನೆಕಾಟ್ ಗಣಿಯ ತಾಮ್ರವನ್ನು 1911ರಿಂದ 1938ರವರೆಗೆ ಸಾಗಿಸಿದ ರೈಲುಮಾರ್ಗದ ಮೇಲೆಯೇ ಈ ರಸ್ತೆ ಹೋಗುತ್ತದೆ. ಹಳಿಗಳನ್ನು ಕಿತ್ತರೂ ಹಳಿಯ ಮೊಳೆಗಳೆಲ್ಲ ಹೋಗಿಲ್ಲ. ರಸ್ತೆ ಸಮ ಮಾಡುವ ಯಂತ್ರ ಓಡಿದಾಗಲೆಲ್ಲ ಒಂದೆರಡು ಮೇಲೆದ್ದು ಬರುತ್ತವೆ, ಟೈರಿಗೆ ನಾಟುತ್ತವೆ. ನಡುವೆ ಕುಸ್ಕುಲಾನಾ ನದಿಯ ಮೇಲೆ 1910ರ ಒಂಟಿ ಲೇನಿನ ಸೇತುವೆ ಇದೆ, ಕೆಳಗೆ 70 ಮೀಟರಿಗೂ ಹೆಚ್ಚು ಆಳ. ಈ 96 ಕಿ.ಮೀ.ಗೆ ಮೂರು ಗಂಟೆ ಇಟ್ಟುಕೊಳ್ಳಿ. ಮಳೆ ಬಂದರೆ ಅದೂ ಸಾಲದು.

ಸಾರ್ವಜನಿಕ ರಸ್ತೆ ಕೆನ್ನಿಕಾಟ್ ನದಿಯ ದಂಡೆಯಲ್ಲಿ ಮುಗಿಯುತ್ತದೆ. ಬೈಕನ್ನು ಅಲ್ಲೇ ಬಿಟ್ಟು ಕಾಲುಸೇತುವೆ ದಾಟಿ, ಹಳೆಯ ಗಣಿಯ ಊರಿಗೆ ಸುಮಾರು 8 ಕಿ.ಮೀ. ವ್ಯಾನಿನಲ್ಲಿ ಹೋಗಬೇಕು. ಅಲ್ಲಿಂದ ಹಿಮದ ಅಂಚಿಗೆ ಕಾಲುದಾರಿ ಸುಮಾರು 3 ಕಿ.ಮೀ. ಇದು ಕರಡಿಗಳಿರುವ ಸೀಮೆ. ಕರಡಿಗೆಂದೇ ಮಾಡಿದ ಪೆಪ್ಪರ್ ಸ್ಪ್ರೇ ಕೈಗೆ ಸಿಗುವಂತಿರಲಿ, ತಿನ್ನುವ ಯಾವುದನ್ನೂ ಬೈಕಿನ ಪೆಟ್ಟಿಗೆಯಲ್ಲಿ ಬಿಡಬೇಡಿ.

ಐಸ್‌ಲ್ಯಾಂಡಿನ ಸೋಲ್ಹೈಮಯೋಕುಟ್ಲ್ ಮುಖ್ಯರಸ್ತೆಗೆ ತೀರಾ ಹತ್ತಿರ. ಮಾರ್ಗದರ್ಶಕರು ಸುಲಭವಾಗಿ ಸಿಗುತ್ತಾರೆ, ಆದರೆ ನೀವು ಕೇಳುವ ದುರ್ಗಮ ದಾರಿ ಅಲ್ಲಿಲ್ಲ. ಲಡಾಖಿನ ಜಾಂಸ್ಕಾರದ ದ್ರಾಂಗ್ ದ್ರುಂಗ್ ಹಿಮನದಿ ಸುಮಾರು 4,400 ಮೀ. ಎತ್ತರದ ಪೆನ್ಸಿ ಲಾ ಕಣಿವೆದಾರಿಯಿಂದಲೇ ಕಾಣುತ್ತದೆ. ಕಂಡಷ್ಟು ಹತ್ತಿರವಿಲ್ಲ: ಬಂಡೆರಾಶಿಯ ಮೇಲೆ ಇಳಿದು ಹೋಗಬೇಕು, ಕಟ್ಟಿದ ಕಾಲುದಾರಿ ಇಲ್ಲ. ನ್ಯೂಜಿಲೆಂಡಿನ ಫ್ರಾಂಜ್ ಜೋಸೆಫ್ ಈಗ ಈ ಪಟ್ಟಿಯಲ್ಲೇ ಇಲ್ಲ. ಹಿಮನದಿ ಹಿಂದೆ ಸರಿದು, ಮುಂದಿನ ಇಳಿಜಾರು ಅಸ್ಥಿರವಾದ್ದರಿಂದ 2012ರಿಂದ ಅಲ್ಲಿ ಹಿಮದ ಮೇಲೆ ಜನರನ್ನು ಹೆಲಿಕಾಪ್ಟರಿನಲ್ಲೇ ಇಳಿಸುತ್ತಾರೆ. ಹತ್ತು ವರ್ಷ ಹಳೆಯ ನಕ್ಷೆ ಹಿಡಿದು ಹೊರಟರೆ ಕಾಲುದಾರಿ ಮುಗಿಯುವಲ್ಲಿ ಹಿಮದ ಬದಲು ಕೆರೆ ಸಿಗಬಹುದು. ಹೋಗುವ ವರ್ಷದ ಸ್ಥಿತಿಯನ್ನೇ ಸ್ಥಳೀಯ ಉದ್ಯಾನ ಕಚೇರಿಯಲ್ಲಿ ಕೇಳಿ.

ಪ್ರಶ್ನೆ: 400 ಸಿಸಿ ಬೈಕ್, ಟ್ಯೂಬ್ ಇರುವ ಟೈರ್. ಗಾಳಿ ಎಷ್ಟಿರಬೇಕು? ಯಾವ ಸಾಮಾನು ಒಯ್ಯಬೇಕು?

ಜಲ್ಲಿ ರಸ್ತೆ ಶುರುವಾಗುವಲ್ಲಿ ಕಂಪನಿ ಹೇಳಿದ್ದಕ್ಕಿಂತ ಶೇ. 15ರಷ್ಟು ಇಳಿಸಿ. ಮುಂದೆ 29, ಹಿಂದೆ 33 ಪಿಎಸ್‌ಐ ಹಾಕುವ ಬೈಕಾದರೆ ಮುಂದೆ 25, ಹಿಂದೆ 28. ಟೈರು ಕಲ್ಲನ್ನು ತಳ್ಳಿ ಜಾರುವ ಬದಲು ಅದರ ಮೇಲೆ ಮಣಿದು ಹೋಗುತ್ತದೆ, ಹ್ಯಾಂಡಲ್ ನಡುಗುವುದು ಕಡಿಮೆಯಾಗುತ್ತದೆ. ಲಗೇಜ್ ಹೊತ್ತ ಬೈಕಿನಲ್ಲಿ 22ಕ್ಕಿಂತ ಕೆಳಗೆ ಹೋಗಬೇಡಿ. ಗುಂಡಿಗೆ ಬಿದ್ದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತದೆ, ರಿಮ್ಮೂ ಸೊಟ್ಟಗಾಗುತ್ತದೆ. ಟಾರು ಸಿಕ್ಕಿದ ಕೂಡಲೇ ಮತ್ತೆ ತುಂಬಿ.

ಎತ್ತರದ ನಾಡಿಗೆ ಹೋಗುವವರು ಇನ್ನೊಂದನ್ನು ಗಮನಿಸಬೇಕು. ಸಮುದ್ರಮಟ್ಟದಲ್ಲಿ ತುಂಬಿದ ಗಾಳಿ 4,400 ಮೀಟರಿನಲ್ಲಿ ಗೇಜಿನ ಮೇಲೆ ಸುಮಾರು 6 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಚಳಿ 20 ಡಿಗ್ರಿ ಹೆಚ್ಚಿದ್ದರೆ ಅದರಲ್ಲಿ 3ರಷ್ಟು ಇಳಿಯುತ್ತದೆ. ಹಾಗಾಗಿ ಬೆಳಗ್ಗೆ ಟೈರ್ ತಣ್ಣಗಿರುವಾಗ, ಇದ್ದ ಊರಿನಲ್ಲೇ ಅಳೆಯಿರಿ.

ಸಾಮಾನು: ಟೈರ್ ಲಿವರ್ ಮೂರು (ಎರಡರಲ್ಲಿ ಕೆಲಸ ಆಗುತ್ತದೆ ಎನ್ನುವವರು ಚಳಿಯಲ್ಲಿ ಗಟ್ಟಿಯಾದ ಟೈರ್ ಬಿಚ್ಚಿ ನೋಡಲಿ), ವಾಲ್ವ್ ಕೀ, ಕೈಪಂಪ್, ಪ್ಯಾಚ್, ಹೊಸ ಸೊಲ್ಯೂಷನ್ (ಪ್ಯಾಚ್ ಅಂಟಿಸುವ ಗೋಂದು) ಟ್ಯೂಬ್, ಎರಡೂ ಆಕ್ಸಲ್‌ಗೆ ಸರಿಹೊಂದುವ ಸ್ಪ್ಯಾನರ್. ಒಮ್ಮೆ ತೆರೆದ ಸೊಲ್ಯೂಷನ್ ಕೆಲವು ತಿಂಗಳಲ್ಲೇ ಒಳಗೆ ಒಣಗಿರುತ್ತದೆ, ಇದು ದಾರಿಯಲ್ಲೇ ಗೊತ್ತಾಗುವುದು. ಬದಲಿ ಟ್ಯೂಬ್ ಒಂದನ್ನೇ ಒಯ್ಯುವುದಾದರೆ ಮುಂದಿನ ಚಕ್ರದ್ದು ಇರಲಿ. 21 ಇಂಚಿನ ಟ್ಯೂಬನ್ನು ಹಿಂದಿನ 18ರಲ್ಲಿ ಮಡಿಸಿ ಕೂರಿಸಿ ನಿಧಾನವಾಗಿ ಊರು ಸೇರಬಹುದು, ಹಿಂದಿನದು ಮುಂದಕ್ಕೆ ಆಗುವುದಿಲ್ಲ. ಪ್ಯಾಚ್ ಹಾಕುವಾಗ ಸೊಲ್ಯೂಷನ್ ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯಿರಿ, ಚಳಿಯಲ್ಲಿ ಹತ್ತು ನಿಮಿಷವೂ ಬೇಕಾದೀತು. ಟ್ಯೂಬ್ ಮತ್ತೆ ಹಾಕುವ ಮೊದಲು ಟೈರಿನ ಒಳಗೆಲ್ಲ ಬಟ್ಟೆ ಆಡಿಸಿ. ಮೊಳೆ ಅಲ್ಲೇ ಇದ್ದರೆ ಐದು ಕಿ.ಮೀ.ಗೆ ಮತ್ತೆ ಅದೇ ಕೆಲಸ.

ಚೈನ್ ಸಡಿಲವನ್ನು ಪೂರ್ತಿ ಲಗೇಜ್ ಹಾಕಿ, ಸವಾರ ಕೂತ ಮೇಲೆ ಇನ್ನೊಮ್ಮೆ ನೋಡಿ. ಖಾಲಿ ಗಾಡಿಯಲ್ಲಿ ಸರಿಯಿದ್ದದ್ದು ಸಸ್ಪೆನ್ಷನ್ ಕುಸಿದಾಗ ಬಿಗಿಯಾಗಿ ಗೇರ್‌ಬಾಕ್ಸಿನ ಬೇರಿಂಗ್ ತಿನ್ನುತ್ತದೆ.

ಪ್ರಶ್ನೆ: ಪೆಟ್ರೋಲ್ ಲೆಕ್ಕ ಹೇಗೆ?

ಎರಡು ಪಂಪುಗಳ ನಡುವಿನ ಅತಿ ದೊಡ್ಡ ಅಂತರವನ್ನು 1.3ರಿಂದ ಗುಣಿಸಿ, ಅಷ್ಟು ದೂರಕ್ಕೆ ಸಾಕಾಗುವಷ್ಟು ಇಟ್ಟುಕೊಳ್ಳಿ. ಮೆಕಾರ್ಥಿ ರಸ್ತೆಯಂಥ ಕಡೆ, ಹೋಗಿ ಬರುವ ಎರಡನ್ನೂ ಸೇರಿಸಿದ ದೂರವೇ ಆ ಅಂತರ. ಕೊನೆಯ ಪಂಪಿನಲ್ಲಿ ಪೆಟ್ರೋಲ್ ಇರುತ್ತದೆಂದು ನಂಬದೆ ಅದಕ್ಕೂ ಹಿಂದಿನದರಲ್ಲೇ ತುಂಬಿಸಿ.

ಪ್ರಶ್ನೆ: ಸೇತುವೆ ಇಲ್ಲದ ಹೊಳೆಗಳನ್ನು ದಾಟುವುದು ಹೇಗೆ? ನೀರು ಇಂಜಿನಿಗೆ ಹೊಕ್ಕರೆ ಏನು ಗತಿ?

ಮೊದಲು ಗಡಿಯಾರ ನೋಡಿ. ಹಿಮನದಿಯಿಂದ ಹುಟ್ಟಿದ ಹೊಳೆ ಬಿಸಿಲಿಗೆ ಕರಗಿದ ನೀರಿನದು. ನಸುಕಿನಲ್ಲಿ ಅತಿ ಕಡಿಮೆ, ಮಧ್ಯಾಹ್ನ ಏರಲು ಶುರು, ಸಂಜೆಗೆ ತುಂಬಿರುತ್ತದೆ. ಬೆಳಗ್ಗೆ ಆರಕ್ಕೆ ಮೀನಖಂಡದವರೆಗಿದ್ದ ನೀರು ಸಂಜೆ ಐದಕ್ಕೆ ತೊಡೆ ಮುಟ್ಟಬಹುದು. ಆದ್ದರಿಂದ ಹಿಮದ ಮೇಲೆ ಸುತ್ತಾಡಿ ಸಂಜೆ ವಾಪಸ್ ಅದೇ ಹೊಳೆ ದಾಟುತ್ತೇನೆ ಎನ್ನುವುದು ಕೆಟ್ಟ ಯೋಜನೆ. ಆ ದಡದಲ್ಲೇ ರಾತ್ರಿ ಉಳಿಯುವ ಸಿದ್ಧತೆ ಇರಬೇಕು. ಮಳೆ ಬಂದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಬಿಸಿಲು ಮಳೆ ಎರಡಕ್ಕೂ ಸಂಬಂಧವಿಲ್ಲದ ಪ್ರವಾಹವೂ ಉಂಟು: ಕೆನ್ನಿಕಾಟ್ ಹಿಮನದಿಯೇ ಅಣೆಕಟ್ಟಾಗಿ ತಡೆಹಿಡಿದ ಹಿಡನ್ ಕ್ರೀಕ್ ಕೆರೆ ಬೇಸಿಗೆಯಲ್ಲಿ ಹಿಮದಡಿಯಿಂದ ಒಮ್ಮೆಲೇ ಬರಿದಾಗುತ್ತದೆ, ಕೆಳಗಿನ ನದಿ ಉಕ್ಕುತ್ತದೆ.

ಹಿಟ್ಟಿನಂಥ ಕಲ್ಲುಪುಡಿ ಬೆರೆತ ಬೂದು ನೀರು ಅದು, ತಳ ಕಾಣುವುದಿಲ್ಲ. ಕೋಲು ಹಿಡಿದು, ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿ, ಮೊದಲು ನಡೆದು ದಾಟಿ. ನಡೆದು ದಾಟಲಾಗದ್ದನ್ನು ಬೈಕಿನಲ್ಲಿ ದಾಟಲೇಬೇಡಿ. ಒಳಗೆ ಬಂಡೆ ಉರುಳುವ ಗುಡುಗುಡು ಸದ್ದು ಕೇಳಿದರೆ ನಡೆದೂ ಇಳಿಯಬೇಡಿ. ಹೊಳೆ ಕಿರಿದಾದಲ್ಲಿ ಆಳ, ಅಗಲವಾಗಿ ಹರಡಿ ಸಣ್ಣ ಅಲೆಗಳಿರುವಲ್ಲಿ ತೆಳು. ಹರಿವಿನ ಜೊತೆ ಸ್ವಲ್ಪ ಕೆಳಮುಖವಾಗಿ ಓರೆಯಾಗಿ, ಫಸ್ಟ್ ಗೇರಿನಲ್ಲಿ, ಒಂದೇ ಸಮ ಥ್ರಾಟಲ್‌ನಲ್ಲಿ ಹೋಗಿ. ಕಣ್ಣು ಆಚೆ ದಡದ ಮೇಲಿರಲಿ, ನೀರನ್ನು ನೋಡಿದರೆ ಬೈಕೂ ಅತ್ತಲೇ ವಾಲುತ್ತದೆ. ವೇಗ ಮಾಡಿದರೆ ಮುಂದಿನ ಚಕ್ರ ಎಬ್ಬಿಸುವ ನೀರೇ ಏರ್ ಫಿಲ್ಟರಿಗೆ ಹೋಗುತ್ತದೆ. ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಹಿಡಿದು ನೂರಿನ್ನೂರು ಮೀಟರ್ ಓಡಿಸಿ ಒಣಗಿಸಿ.

ಬೈಕ್ ನೀರಿಗೆ ಬಿದ್ದರೆ ಮೊದಲ ಕೆಲಸ ಕಿಲ್ ಸ್ವಿಚ್. ಎತ್ತಿ ದಡಕ್ಕೆ ತಂದ ಮೇಲೆ ಸೆಲ್ಫ್ ಒತ್ತುವ ಚಪಲ ತಡೆದುಕೊಳ್ಳಿ. ಗಾಳಿಯನ್ನು ಒತ್ತಿದಂತೆ ನೀರನ್ನು ಒತ್ತಲಾಗದು, ಸಿಲಿಂಡರಿನೊಳಗೆ ನೀರಿದ್ದಾಗ ಪಿಸ್ಟನ್ ಮೇಲೆ ಬಂದರೆ ಬಾಗುವುದು ಕನೆಕ್ಟಿಂಗ್ ರಾಡ್. ಮಾಡಬೇಕಾದ್ದು: ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಇಟ್ಟು, ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಪ್ಲಗ್ಗಿನ ತೂತಿನಿಂದ ನೀರು ಚಿಮ್ಮುವುದು ನಿಲ್ಲುವವರೆಗೆ ಬಿಡಬೇಡಿ. ಏರ್‌ಬಾಕ್ಸಿನ (ಏರ್ ಫಿಲ್ಟರ್ ಕೂರುವ ಡಬ್ಬಿಯ) ಕೆಳಗಿನ ರಬ್ಬರ್ ಬಿರಡೆ ತೆಗೆದು ನೀರು ಇಳಿಸಿ, ಫಿಲ್ಟರ್ ಹಿಂಡಿ ಒಣಗಿಸಿ. ಸೈಲೆನ್ಸರಿನಲ್ಲಿ ನಿಂತ ನೀರನ್ನು ಮುಂದಿನ ಚಕ್ರ ಎತ್ತಿ ಹೊರಹಾಕಿ. ನಂತರ ಆಯಿಲ್ ಗಾಜು ನೋಡಿ: ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಆಯಿಲಿಗೆ ನೀರು ಸೇರಿದೆ. ಬದಲಾಯಿಸದೆ ಸ್ಟಾರ್ಟ್ ಮಾಡಬೇಡಿ. ಹೊಳೆ ದಾಟುವ ದಾರಿಗೆ ಒಂದು ಸಲ ಬದಲಾಯಿಸುವಷ್ಟು ಆಯಿಲ್ ಒಯ್ಯುವುದು ಇದಕ್ಕೇ.

ಬೈಕ್ ಬಾಡಿಗೆಯದಾದರೆ ಕರಾರಿನಲ್ಲಿ ಎರಡು ಸಾಲು ಹುಡುಕಿ ಓದಿ: ಜಲ್ಲಿ ರಸ್ತೆಗೆ ಅನುಮತಿ ಇದೆಯೇ, ನೀರಿನಿಂದಾದ ಹಾನಿ ವಿಮೆಯಲ್ಲಿ ಸೇರಿದೆಯೇ. ಎರಡನೆಯದು ಬಹುತೇಕ ಸೇರಿರುವುದಿಲ್ಲ.

ಪ್ರಶ್ನೆ: ರೈಡಿಂಗ್ ಬೂಟಿಗೇ ಕ್ರಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಲೋಹದ ಹಲ್ಲುಗಳು) ಕಟ್ಟಿಕೊಳ್ಳಬಹುದೇ? ಇನ್ನೊಂದು ಜೊತೆ ಬೂಟು ಹೊರುವುದು ತಪ್ಪುತ್ತದೆ.

ಕಟ್ಟಬಹುದು, ಅರ್ಧ ಗಂಟೆಯಲ್ಲಿ ಅದು ಕಳಚುತ್ತದೆ. ರೈಡಿಂಗ್ ಬೂಟಿನ ಮೂಗು ಗೇರ್ ಲಿವರಿಗೆಂದು ಚಪ್ಪಟೆ, ಅಡಿ ಬೇರೆ ಆಕಾರದ್ದು, ಪಟ್ಟಿ ಬಕಲ್‌ಗಳ ಮೇಲೆ ಜಾರುತ್ತದೆ. ಇನ್ನೂ ದೊಡ್ಡ ತೊಂದರೆ ಪಾದದ ಗಂಟಿನದು. ಇಳಿಜಾರಿನಲ್ಲಿ ಎಲ್ಲ ಹಲ್ಲುಗಳೂ ಹಿಮಕ್ಕೆ ತಾಗಬೇಕಾದರೆ ಪಾದ ಪಕ್ಕಕ್ಕೆ ಮಣಿಯಬೇಕು. ರೈಡಿಂಗ್ ಬೂಟು ಮಾಡಿರುವುದೇ ಅದು ಮಣಿಯದಂತೆ.

ಗಟ್ಟಿ ಅಡಿಯ ಚಾರಣದ ಬೂಟು ಬೇಕು. ಬೂಟುಗಳಿಗೆ ಬಿ0ಯಿಂದ ಬಿ3, ಕ್ರಾಂಪಾನಿಗೆ ಸಿ1ರಿಂದ ಸಿ3 ಎಂಬ ಶ್ರೇಣಿ ಇದೆ. ಸಾಧಾರಣ ಇಳಿಜಾರಿನ ಹಿಮನದಿಗೆ ಬಿ1 ಬೂಟು, ಪಟ್ಟಿಯಿಂದ ಕಟ್ಟುವ ಸಿ1 ಕ್ರಾಂಪಾನ್, 10 ಅಥವಾ 12 ಹಲ್ಲಿನದು, ಸಾಕು. ಬಿ0 ಎಂದರೆ ಮಡಚುವ ಅಡಿಯ ಮಾಮೂಲಿ ಬೂಟು, ಕ್ರಾಂಪಾನಿಗಲ್ಲ. ಮನೆಯಲ್ಲೇ ಅಳತೆ ಕೂರಿಸಿ: ಪಟ್ಟಿ ಬಿಗಿಯುವ ಮೊದಲೇ ಬೂಟು ಎತ್ತಿ ಅಲ್ಲಾಡಿಸಿದರೂ ಕ್ರಾಂಪಾನ್ ಬೀಳಬಾರದು. ಬಕಲ್ ಕಾಲಿನ ಹೊರಬದಿಗೆ ಬರಲಿ, ಒಳಬದಿಗಿದ್ದರೆ ಇನ್ನೊಂದು ಕಾಲಿನ ಹಲ್ಲು ಸಿಕ್ಕುತ್ತದೆ. ರಬ್ಬರ್ ಪಟ್ಟಿಯಿಂದ ಬೂಟಿಗೆ ಎಳೆದು ಹಾಕುವ ಚಿಕ್ಕ ಹಲ್ಲಿನ ಮೈಕ್ರೋಸ್ಪೈಕ್ ಚಪ್ಪಟೆ ಜಾಗಕ್ಕೆ ಮಾತ್ರ.

ನಡೆಯುವಾಗ ಪಾದಗಳ ನಡುವೆ ಒಂದು ಗೇಣು ಅಂತರವಿರಲಿ, ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಲಿ. ಅಗಲ ಕಾಲಿನ ರೈಡಿಂಗ್ ಪ್ಯಾಂಟಿನಲ್ಲಿ ಬೀಳುವವರೇ ಹೆಚ್ಚು, ಹಲ್ಲು ಬಟ್ಟೆಗೆ ಸಿಕ್ಕಿ ಮುಗ್ಗರಿಸುತ್ತಾರೆ. ಪ್ಯಾಂಟಿನ ಕಾಲನ್ನು ಬಿಗಿಯಾಗಿ ಸುತ್ತಿ ಹಿಡಿಯುವ ಗೇಟರ್ ಕಟ್ಟಿ. ಬೆಚ್ಚಗಿದ್ದರೂ ಕೈಗವಸು ತೆಗೆಯಬೇಡಿ. ಬೇಸಿಗೆಯ ಹಿಮದ ಮೇಲ್ಮೈ ಮರಳುಕಾಗದದಂತೆ, ಬಿದ್ದಾಗ ಅಂಗೈ ಸುಲಿಯುತ್ತದೆ. ತಲೆಗೆ ಪರ್ವತಾರೋಹಣದ ಹಗುರ ಹೆಲ್ಮೆಟ್. ಬೈಕಿನ ಹೆಲ್ಮೆಟ್ ಹಾಕಿದರೆ ಕೆಳಗೆ ನೀರು ಹರಿಯುವ ಸದ್ದು ಕೇಳಿಸದು, ಕಾಲಬುಡವೂ ಕಾಣದು.

ಕನ್ನಡಕವೂ ಎರಡು ಬೇಕು. ಹಿಮದ ಮೇಲೆ ಹಾಕುವ 4ನೇ ದರ್ಜೆಯ ಕಪ್ಪು ಗಾಜು ವಾಹನ ಓಡಿಸಲು ನಿಷಿದ್ಧ, ಅಷ್ಟು ಕತ್ತಲು. ಓಡಿಸುವಾಗ ಹೆಚ್ಚೆಂದರೆ 3ನೇ ದರ್ಜೆ.

ಪ್ರಶ್ನೆ: ನಾವು ಇಬ್ಬರೇ. ಹಗ್ಗ ಕಟ್ಟಿಕೊಂಡು ಹೋದರೆ ಮಾರ್ಗದರ್ಶಕರಿಲ್ಲದೆ ನಡೆಯಬಹುದಲ್ಲವೇ?

ಹಗ್ಗ ಬೇಕೋ ಬೇಡವೋ ಎಂಬುದು ಕಾಲಡಿ ಏನಿದೆ ಎಂಬುದರ ಮೇಲೆ ನಿಂತಿದೆ. ಬೇಸಿಗೆಯ ಕೊನೆಗೆ ಹಿಮನದಿಯ ಕೆಳಭಾಗದಲ್ಲಿ ಹೊಸ ಹಿಮವೆಲ್ಲ ಕರಗಿ ಬರಿಯ ಗಟ್ಟಿ ಮಂಜುಗಡ್ಡೆ ಉಳಿಯುತ್ತದೆ. ಅಲ್ಲಿ ಬಿರುಕುಗಳು ಬಾಯಿ ತೆರೆದು ಕಾಣುತ್ತವೆ, ಸುತ್ತಿ ಹೋಗಬಹುದು. ಅಲ್ಲಿ ಸುಮ್ಮನೆ ಹಗ್ಗ ಕಟ್ಟಿಕೊಳ್ಳುವುದರಿಂದ ಅಪಾಯ ಹೆಚ್ಚು. ಗಟ್ಟಿ ಇಳಿಜಾರಿನಲ್ಲಿ ಒಬ್ಬ ಜಾರಿದರೆ ಇನ್ನೊಬ್ಬ ಹಿಮಗೊಡಲಿ (ಐಸ್ ಆಕ್ಸ್) ಊರಿ ತಡೆಯುವಷ್ಟರಲ್ಲಿ ಇಬ್ಬರೂ ಹೋಗಿರುತ್ತಾರೆ.

ಮೇಲ್ಭಾಗದಲ್ಲಿ, ಅಥವಾ ಬೇಸಿಗೆಯ ಆರಂಭದಲ್ಲಿ ಎಲ್ಲೆಡೆ, ಬಿರುಕುಗಳ ಬಾಯಿಗೆ ಹಿಮದ ಮುಚ್ಚಳ ಇರುತ್ತದೆ. ಬೆಳಗ್ಗೆ ಗಟ್ಟಿಯಿದ್ದ ಮುಚ್ಚಳ ಮಧ್ಯಾಹ್ನ ಕುಸಿಯುತ್ತದೆ. ಅಲ್ಲಿಗೆ ಹಗ್ಗ ಕಡ್ಡಾಯ, ಕನಿಷ್ಠ ಮೂವರು, ನಡುವೆ 10–12 ಮೀಟರ್, ಹಗ್ಗ ನೆಲಕ್ಕೆ ಜೋಲದಂತೆ. ಇಬ್ಬರೇ ಆದರೆ ಅಂತರ 15 ಮೀಟರಿಗೂ ಹೆಚ್ಚು ಬೇಕು. ಒಬ್ಬ ಬಿದ್ದಾಗ ಅವನ ಭಾರವನ್ನು ತಡೆದುಕೊಂಡೇ ಆಧಾರ ನೆಟ್ಟು ಮೇಲೆಳೆಯುವ ಕೆಲಸವೆಲ್ಲ ಉಳಿದ ಒಬ್ಬನದೇ. ಸೊಂಟಕ್ಕೆ ಕಟ್ಟುವ ಹಾರ್ನೆಸ್, ಹಗ್ಗವನ್ನು ಬಿಗಿದು ಹಿಡಿಯುವ ಪ್ರೂಸಿಕ್ ಕುಣಿಕೆಗಳು, ಮಂಜುಗಡ್ಡೆಗೆ ತಿರುಗಿಸಿ ಕೂರಿಸುವ ಐಸ್ ಸ್ಕ್ರೂ, ಪುಲ್ಲಿಯಿಂದ ಎತ್ತುವ ಕ್ರಮ ಇವನ್ನು ಮೊದಲೇ ಕಲಿತು ಅಭ್ಯಾಸ ಮಾಡಿರದ ಇಬ್ಬರಿಗೆ ಉತ್ತರ ಒಂದೇ: ಹಿಮ ಮುಚ್ಚಿದ ಭಾಗಕ್ಕೆ ಕಾಲಿಡಬೇಡಿ, ಅಥವಾ ಮಾರ್ಗದರ್ಶಕರ ಜೊತೆ ಹೋಗಿ.

ಬರಿಯ ಮಂಜುಗಡ್ಡೆಯ ಮೇಲೂ ಎರಡು ವಿಷಯ. ಕರಗಿದ ನೀರು ತಿಳಿನೀಲಿ ಕಾಲುವೆಯಾಗಿ ಹರಿದು ಒಂದು ಕಡೆ ನೇರ ಬಾವಿಯಾಗಿ ಇಳಿಯುತ್ತದೆ, ಅದಕ್ಕೆ ಮೂಲಿನ್ ಎನ್ನುತ್ತಾರೆ. ಕಾಲುವೆಯ ತಳ ಗಾಜಿನಷ್ಟು ನುಣುಪು, ಅದರಲ್ಲಿ ಜಾರಿದವರು ನೇರ ಬಾವಿಗೇ. ಒಂದೇ ಹೆಜ್ಜೆಯಲ್ಲಿ ದಾಟಲಾಗದ ಕಾಲುವೆಯನ್ನು ಹಾರಬೇಡಿ, ಮೇಲೆ ಹೋಗಿ ಕಿರಿದಾದ ಜಾಗ ಹುಡುಕಿ. ಎರಡನೆಯದು ಅಂಚಿನ ಬಂಡೆರಾಶಿ. ಕಲ್ಲಿನಂತೆ ಕಂಡರೂ ಒಳಗೆ ಮಂಜುಗಡ್ಡೆಯೇ ಇರುತ್ತದೆ. ನಡುಮಧ್ಯಾಹ್ನ ಅಲ್ಲಿ ಕಲ್ಲು ಉರುಳುವುದು ಜಾಸ್ತಿ.

ಪ್ರಶ್ನೆ: ನೀಲಿ ಹಿಮಗುಹೆಯೊಳಗೆ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆ.

ಬೇಸಿಗೆಯಲ್ಲಿ ಬೇಡ. 2024ರ ಆಗಸ್ಟಿನಲ್ಲಿ ಐಸ್‌ಲ್ಯಾಂಡಿನ ಬ್ರೈಡಮೆರ್ಕುರ್ಯೋಕುಟ್ಲ್ ಹಿಮನದಿಯಲ್ಲಿ ಹಿಮ ಕುಸಿದು ಪ್ರವಾಸಿಯೊಬ್ಬರು ಸತ್ತದ್ದು ಮಾರ್ಗದರ್ಶಕರ ಜೊತೆ ಹೋಗಿದ್ದಾಗಲೇ. ಹಿಮನದಿಯ ಮೂತಿಯ ಎದುರು ಫೋಟೊಕ್ಕೆ ನಿಲ್ಲುವುದೂ ಅಷ್ಟೇ ಅಪಾಯ, ಅಲ್ಲಿ ತುಂಡುಗಳು ಸೂಚನೆ ಕೊಡದೆ ಬೀಳುತ್ತವೆ.

ಪ್ರಶ್ನೆ: ಐಸ್ ಆಕ್ಸ್, ಕ್ರಾಂಪಾನ್, ಹಗ್ಗ ಇವನ್ನು ಬೈಕಿನಲ್ಲಿ ಹೇಗೆ ಕಟ್ಟುವುದು?

ಚೂಪಾದ ಯಾವುದೂ ಬೆನ್ನುಚೀಲದಲ್ಲಿ ಬೇಡ. ಬಿದ್ದಾಗ ಅದು ಚುಚ್ಚುವುದು ನಿಮ್ಮ ಬೆನ್ನಿಗೆ. ಕ್ರಾಂಪಾನ್ ಹಲ್ಲಿಗೆ ರಬ್ಬರ್ ಹೊದಿಸಿ ಗಟ್ಟಿ ಪೆಟ್ಟಿಗೆಯ ತಳದಲ್ಲಿಡಿ. ಐಸ್ ಆಕ್ಸ್‌ನ ಮೂತಿ, ತುದಿ ಎರಡಕ್ಕೂ ಮುಚ್ಚಳ ಹಾಕಿ, ಪಕ್ಕದ ಪೆಟ್ಟಿಗೆಗೆ ಉದ್ದಕ್ಕೆ ಒರಗಿಸಿ ಕಟ್ಟಿ, ಹಿಡಿ ಹಿಂದಕ್ಕೆ ಚಾಚಿಕೊಂಡಿರಬಾರದು.

ಹಗ್ಗ ಮತ್ತು ಹಾರ್ನೆಸ್ ಬಗ್ಗೆ ಹೆಚ್ಚಿನವರು ಎಡವುತ್ತಾರೆ. ಇವು ನೈಲಾನ್. ಬ್ಯಾಟರಿಯ ಆಮ್ಲದ ಹನಿ, ಆವಿ ತಾಗಿದರೂ ನಾರು ಸಾಯುತ್ತದೆ, ಹೊರಗೆ ಕಲೆಯೂ ಕಾಣದಿರಬಹುದು. ಸೀಟಿನ ಕೆಳಗೆ ಬ್ಯಾಟರಿಯ ಪಕ್ಕದಲ್ಲಿ ತುರುಕಿದ ಹಗ್ಗವನ್ನು ಮತ್ತೆ ನಂಬಬೇಡಿ. ಪೆಟ್ರೋಲ್ ಕ್ಯಾನು ಒಂದು ಬದಿ, ಹಗ್ಗ ಇನ್ನೊಂದು ಬದಿ, ಅದೂ ಜಲನಿರೋಧಕ ಚೀಲದೊಳಗೆ. ಒದ್ದೆ ಹಗ್ಗ ಭಾರ, ರಾತ್ರಿ ಹೆಪ್ಪುಗಟ್ಟಿದರೆ ಗಂಟು ಹಾಕಲೂ ಆಗದು.

ಪ್ರಶ್ನೆ: ಬೆಳಗ್ಗೆ ಹಿಮದ ಮೇಲೆ ನಡೆದು, ಮಧ್ಯಾಹ್ನ ಹೊರಟು ರಾತ್ರಿಯೊಳಗೆ 250 ಕಿ.ಮೀ. ವಾಪಸಾಗಬಹುದೇ?

ಆಗದು ಎಂದು ಖಡಾಖಂಡಿತ ಹೇಳುತ್ತೇವೆ. ಹಿಮದ ಮೇಲೆ ನಡೆಯುವ ದಿನಕ್ಕೂ ಗಾಡಿ ಓಡಿಸುವ ದಿನಕ್ಕೂ ಒಂದು ರಾತ್ರಿಯ ಅಂತರವಿರಲಿ. ಐದಾರು ಗಂಟೆ ಕ್ರಾಂಪಾನಿನಲ್ಲಿ ನಡೆದ ತೊಡೆಗಳು ಜಲ್ಲಿಯ ಮೇಲೆ ಎದ್ದು ನಿಂತು ಓಡಿಸಲು ಸಹಕರಿಸುವುದಿಲ್ಲ. ಬೆವರಿನಿಂದ ಒದ್ದೆಯಾದ ಒಳಬಟ್ಟೆಯಲ್ಲೇ ಬೈಕ್ ಹತ್ತುವುದು ಇನ್ನೂ ಕೆಟ್ಟದ್ದು. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವಾಗ ಬರಿಮೈಗೆ ತಾಗುವುದು ಸುಮಾರು ಮೈನಸ್ 3ರ ಚಳಿ. ಮೊದಲು ಮರಗಟ್ಟುವುದು ಬ್ರೇಕ್ ಹಿಡಿಯುವ ಬೆರಳು. ನಡುಕ ಶುರುವಾದರೆ ನಿಲ್ಲಿಸಿ, ಒಣಬಟ್ಟೆ ಹಾಕಿ, ಬಿಸಿ ಏನಾದರೂ ಕುಡಿಯಿರಿ. ನಡುಗುತ್ತಿದ್ದವರ ನಡುಕ ಬೆಚ್ಚಗಾಗದೆ ತಾನೇ ನಿಂತು ಮಾತು ತೊದಲತೊಡಗಿದರೆ ಅದು ತುರ್ತು ಸ್ಥಿತಿ. 3,000 ಮೀಟರಿಗಿಂತ ಮೇಲಿನ ನಾಡಾದರೆ ಬೈಕಿನ ವೇಗವೇ ಶತ್ರು: ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಂತೆ ತಂಗುದಾಣ ಆರಿಸಿ.

ಪ್ರಶ್ನೆ: ನಾವು ನಡೆಯಲು ಹೋದಾಗ ಬೈಕ್ ಎಲ್ಲಿ, ಹೇಗೆ ಬಿಡಬೇಕು? ಚಳಿಗೆ ಸ್ಟಾರ್ಟ್ ಆಗದಿದ್ದರೆ?

ಸಮತಟ್ಟಾಗಿದೆ ಎಂದು ಹೊಳೆಯ ಮರಳಿನಲ್ಲಿ ಬಿಡಬೇಡಿ, ಸಂಜೆಯ ನೀರು ಅಲ್ಲಿಗೆ ಬರುತ್ತದೆ. ಬಂಡೆರಾಶಿಯ ಬುಡವೂ ಬೇಡ. ಸೈಡ್ ಸ್ಟ್ಯಾಂಡ್ ಅಡಿಗೆ ಅಗಲ ತಗಡೋ ಚಪ್ಪಟೆ ಕಲ್ಲೋ ಇಡಿ, ಬಿಸಿಲೇರಿ ನೆಲ ಮೆತ್ತಗಾದಾಗ ಸ್ಟ್ಯಾಂಡ್ ಹೂತು ಗಾಡಿ ಮಗುಚುತ್ತದೆ. ಗಾಳಿ ಗಾಡಿಯನ್ನು ಸ್ಟ್ಯಾಂಡಿನ ಕಡೆಗೇ ಒತ್ತುವಂತೆ ನಿಲ್ಲಿಸಿ, ಫಸ್ಟ್ ಗೇರಿನಲ್ಲಿ.

ಸಾಮಾನ್ಯ ಬ್ಯಾಟರಿ ಸೊನ್ನೆ ಡಿಗ್ರಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಲಿಥಿಯಂ ಬ್ಯಾಟರಿ ಇನ್ನೊಂದು ಬಗೆ: ಮೊದಲ ಸಲ ಒತ್ತಿದಾಗ ಸತ್ತಂತೆ ಇರುತ್ತದೆ. ಒಂದೆರಡು ನಿಮಿಷ ಹೆಡ್‌ಲೈಟ್ ಉರಿಸಿಟ್ಟರೆ ಒಳಗೆ ಬೆಚ್ಚಗಾಗಿ ಎಚ್ಚರಗೊಳ್ಳುತ್ತದೆ, ಆಮೇಲೆ ಸೆಲ್ಫ್ ಒತ್ತಿ. ಆಯಿಲ್ 20ಡಬ್ಲ್ಯೂ-50 ಹಾಕಿದ್ದರೆ ಹೊರಡುವ ಮೊದಲೇ ಕಂಪನಿಯ ಪುಸ್ತಕ ನೋಡಿ ಅನುಮತಿ ಇರುವ ತೆಳು ದರ್ಜೆಗೆ, ಸಾಮಾನ್ಯವಾಗಿ 10ಡಬ್ಲ್ಯೂ-40ಕ್ಕೆ, ಬದಲಿಸಿ.

ಬೈಕಿನ ಕೀಲಿಯನ್ನು ಜಾಕೆಟ್ಟಿನ ಹೊರಜೇಬಿನಲ್ಲಿ ಇಡಬೇಡಿ. ನೀರು ಕುಡಿಯಲೆಂದು ಬಗ್ಗಿದಾಗ ಬಿರುಕಿಗೆ ಬಿದ್ದರೆ ಮತ್ತೆ ಸಿಗದು. ದಾರ ಕಟ್ಟಿ ಒಳಜೇಬಿನಲ್ಲಿ ಜಿಪ್ ಹಾಕಿಡಿ, ಎರಡನೇ ಕೀಲಿ ಜೊತೆಗಾರರ ಬಳಿ ಇರಲಿ.